ಕೊಟ್ಟವನು ಕೋಡಂಗಿಯಾಗದಿರಲಿ

ತುಮಕೂರು ಜಿಲ್ಲೆಯ ನಕ್ಷೆಯನ್ನ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅದರ ಉತ್ತರ ಭಾಗದಲ್ಲಿ ನಾಲ್ಕು ತಾಲ್ಲೂಕುಗಳಿವೆ. ಏಕಶಿಲಾ ಬೆಟ್ಟದ ಮಧುಗಿರಿ. ಸಿದ್ಧರಬೆಟ್ಟದ ಕೊರಟಗೆರೆ. 1687ರಲ್ಲಿ ಮೊಗಲರ ಕೈಸೇರಿ ಅವರ ಸುಬಾಕ್ಕೆ ರಾಜಧಾನಿಯಾದ ಶಿರಾ. ಬಹುಪಾಲು ಆಂಧ್ರದ ಗಡಿಯೇ ಸುತ್ತುವರಿದಿರುವ ಪಾವಗಡ. ಮಾತು ಬೇರೆ, ಮಣ್ಣು ಬೇರೆ, ರಾಜಕೀಯ ಬೇರೆ. ಆದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಒಂದೇ. ಅದರ ಹೆಸರು ಮಧುಗಿರಿ ಉಪವಿಭಾಗ. ನಾಲ್ಕಕ್ಕೂ ಒಬ್ಬರೇ ಉಪವಿಭಾಗಾಧಿಕಾರಿ. ಜನರ ಬಾಯಲ್ಲಿ ಹೇಳೋದಾದ್ರೆ, ಎಸಿ ಸಾಹೇಬ್ರು.

ಎಸಿ ಕಚೇರಿ ಅಂದ ತಕ್ಷಣ ನಮಗೆ ನೆನಪಾಗೋದು ಪಹಣಿ ತಿದ್ದುಪಡಿ, ಖಾತೆ ತಕರಾರು, ದಾರಿ ಜಗಳ. ಆದರೆ ಅದೇ ಅಧಿಕಾರಿಗೆ ಇನ್ನೊಂದು ಜವಾಬ್ದಾರಿಯೂ ಇದೆ. 60 ದಾಟಿದ ತಂದೆ ತಾಯಿಯನ್ನ ಮಕ್ಕಳು ನೋಡಿಕೊಳ್ಳದಿದ್ರೆ, ಬರೆಸಿಕೊಂಡ ಮೇಲೆ ಹೊರಗೆ ಹಾಕಿದ್ರೆ, ಆ ದೂರು ಕೇಳಬೇಕಾದ ನ್ಯಾಯಮಂಡಳಿಯ ಅಧ್ಯಕ್ಷರೂ ಅವರೇ. ಈ ಕುರ್ಚಿಗೆ ಒಂದು ಇತಿಹಾಸ ಇದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಅದನ್ನೇ.

ಹಿರಿಯರ ಸುರಕ್ಷತೆ ಅಂದ್ರೆ ಏನು? ಬಚ್ಚಲುಮನೆಯಲ್ಲಿ ಕಾಲು ಜಾರಬಾರದು. ರಾತ್ರಿ ಎದ್ದರೆ ಲೈಟಿನ ಸ್ವಿಚ್ ಕೈಗೆ ಸಿಗಬೇಕು. ಬಿಪಿ ಮಾತ್ರೆ ತಪ್ಪಬಾರದು. ಫೋನ್ ಮಾಡಿ ಒಟಿಪಿ ಕೇಳಿದ್ರೆ ಕೊಡಬಾರದು. ಎಲ್ಲ ಸರಿ, ಎಲ್ಲವೂ ಬೇಕು. ಆದರೆ ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು ಇದು: ಯಾವ ಒಂದು ಭಾಗ ಕೈಕೊಟ್ಟರೆ ಇಡೀ ಯಂತ್ರವೇ ನಿಲ್ಲುತ್ತೋ, ಆ ಭಾಗವನ್ನ ಮೊದಲು ಹುಡುಕು. ಹಳ್ಳಿಯ ಒಬ್ಬ ಅಜ್ಜ, ಒಬ್ಬಳು ಅಜ್ಜಿಯ ಬದುಕಿನಲ್ಲಿ ಆ ಭಾಗ ಯಾವುದು? ಅವರ ಹೆಸರಲ್ಲಿರುವ ಜಮೀನು ಮತ್ತು ಮನೆ. ಅದು ಇರೋವರೆಗೂ ಮಾತ್ರೆ ತಂದುಕೊಡೋರು ಇರ್ತಾರೆ, ಆಸ್ಪತ್ರೆಗೆ ಕರ್ಕೊಂಡು ಹೋಗೋರು ಇರ್ತಾರೆ. ಅದು ಹೋದ ದಿನ ಉಳಿದದ್ದೆಲ್ಲ ಮಕ್ಕಳ ಒಳ್ಳೆಯತನಕ್ಕೆ ಬಿಟ್ಟದ್ದು. ಒಳ್ಳೆಯ ಮಕ್ಕಳೇ ಹೆಚ್ಚು, ಅದರಲ್ಲಿ ಅನುಮಾನ ಬೇಡ. ಆದರೆ ಸುರಕ್ಷತೆಯ ಲೆಕ್ಕ ಹಾಕೋದು ಎಲ್ಲ ಸರಿ ಇದ್ದ ದಿನಕ್ಕಲ್ಲ, ಕೆಟ್ಟ ದಿನಕ್ಕೆ.

ಈ ಕಥೆ ಹೊಸದೇನೂ ಅಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ‘ಮಿತಾಕ್ಷರ’ ಬರೆದ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಕಾನೂನಿಗೆ ಬುನಾದಿಯಾದದ್ದು ಆ ಗ್ರಂಥ. ಅದು ಹೇಳಿದ ಮುಖ್ಯ ಮಾತು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಜೊತೆಗೆ, ವಯಸ್ಸಾದ ತಂದೆ ತಾಯಿಯನ್ನ ಸಾಕೋದು ಮಗನ ಕಡ್ಡಾಯ ಕರ್ತವ್ಯ ಅನ್ನೋ ಧರ್ಮಶಾಸ್ತ್ರದ ನಿಯಮ. ಹಕ್ಕು ಮತ್ತು ಹೊಣೆ ಒಂದೇ ನೊಗದ ಎರಡು ಎತ್ತುಗಳ ಹಾಗೆ. ಮುಂದಿನ ಶತಮಾನಗಳಲ್ಲಿ ಏನಾಯ್ತು ಗೊತ್ತಾ? ಹಕ್ಕಿನ ಎತ್ತು ಕೋರ್ಟು, ದಾಖಲೆ, ಪಹಣಿ ಅಂತ ಬಲವಾಗ್ತಾ ಹೋಯ್ತು. ಹೊಣೆಯ ಎತ್ತು ಮರ್ಯಾದೆ, ಊರಿನ ಬಾಯಿ, ನ್ಯಾಯ ಪಂಚಾಯ್ತಿ ಇಷ್ಟರ ಮೇಲೇ ನಿಂತಿತ್ತು.

ಆ ಕಾಲದಲ್ಲೂ ಎಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ತಯಾರಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರ ನೆನಪಿಸಿಕೊಳ್ಳಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು ಸುಮಾರು 42 ಲಕ್ಷ. ಹತ್ತು ವರ್ಷ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷ ಕುಸಿದಿತ್ತು. ಮಳೆ ಕಡಿಮೆಯ ಈ ಬಯಲುಸೀಮೆಯಲ್ಲಿ ಗುಳೆ ಹೋಗೋದು ಅಂದ್ರೆ ನಡೆಯೋಕೆ ಶಕ್ತಿ ಇದ್ದವರು ಹೋಗೋದು. ಶಕ್ತಿ ಇಲ್ಲದವರು ಎಲ್ಲಿ ಉಳೀತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಗಂಡ ಸತ್ತ ಮೇಲೆ ಅನ್ನ ಬಟ್ಟೆ ಸಿಗುತ್ತಿತ್ತೇ ವಿನಾ ಆಸ್ತಿ ಅಂತ ಕೈಗೆ ಬರ್ತಿದ್ದದ್ದು ಬಹಳ ಕಡಿಮೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ವಿಧವೆಯರ ಪಾಲಿನ ಬಾಗಿಲನ್ನ ಸ್ವಲ್ಪ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನ ಪಾಲಿನಲ್ಲಿ ಹೆಂಡತಿಗೆ, ಮಗನ ಪಾಲಿನಲ್ಲಿ ತಾಯಿಗೆ ಮೊದಲ ಸಾಲಿನಲ್ಲೇ ಜಾಗ ಸಿಕ್ತು. ಆದರೆ ಹಳ್ಳಿಗಳಲ್ಲಿ ನಡೆಯೋದೇನು? ತಿಥಿ ಮುಗಿದು ಪೌತಿ ಖಾತೆ ಮಾಡಿಸುವಾಗ ‘ಅಮ್ಮ, ಇಲ್ಲೊಂದು ಹೆಬ್ಬೆಟ್ಟು ಒತ್ತು’ ಅಂತಾರೆ. ಅದು ಹಕ್ಕು ಬಿಡುಗಡೆ ಪತ್ರ ಅಂತ ಅಮ್ಮನಿಗೆ ಗೊತ್ತಾಗೋದು ಯಾವತ್ತೋ.

ಈಗ ಬರೋಣ ನಮ್ಮ ಎಸಿ ಕುರ್ಚಿಗೆ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿ. ಉಳುವವನೇ ಹೊಲದೊಡೆಯ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ಅದನ್ನ ವಿಚಾರಣೆ ಮಾಡಬೇಕು. ಆ ಮಂಡಳಿಗೆ ಅಧ್ಯಕ್ಷರು ಯಾರು? ಉಪವಿಭಾಗಾಧಿಕಾರಿ! ತಲೆತಲಾಂತರದಿಂದ ಇನ್ನೊಬ್ಬರ ಹೊಲ ಉಳುತ್ತಿದ್ದವನ ಹೆಸರು ಮೊದಲ ಸಲ ಪಹಣಿಯಲ್ಲಿ ಕೂತದ್ದು ಹಾಗೆ. ಅವತ್ತು 30 ವರ್ಷದವನಾಗಿದ್ದ ರೈತನಿಗೆ ಇವತ್ತು 80 ದಾಟಿದೆ. ಒಂದೇ ಜೀವಮಾನದಲ್ಲಿ ಆತ ಒಂದು ನ್ಯಾಯಮಂಡಳಿಯಿಂದ ಭೂಮಿ ಪಡೆದಿದ್ದಾನೆ. ಅದನ್ನ ಮಗನಿಗೆ ಬರೆದುಕೊಟ್ಟು ಬೀದಿಗೆ ಬಿದ್ದರೆ, ಅದೇ ಹುದ್ದೆಯ ಅಧಿಕಾರಿಯ ಇನ್ನೊಂದು ನ್ಯಾಯಮಂಡಳಿಯ ಮುಂದೆ ನಿಂತು ‘ಸ್ವಾಮಿ, ವಾಪಸ್ ಕೊಡಿಸಿ’ ಅಂತ ಕೇಳಬೇಕು. ಐವತ್ತು ವರ್ಷಗಳಲ್ಲಿ ನಾವು ಬಂದು ನಿಂತಿರೋ ಜಾಗ ಇದು.

ಈ ಐವತ್ತು ವರ್ಷಗಳಲ್ಲಿ ಬದಲಾಗಿದ್ದೇನು? ಕೆರೆ ಬತ್ತಿತು, ಬೋರ್‌ವೆಲ್ ಆಳಕ್ಕೆ ಇಳೀತು, ಶೇಂಗಾ ಕೈಕೊಟ್ಟಿತು, ಮಕ್ಕಳು ಬೆಂಗಳೂರು ಬಸ್ಸು ಹತ್ತಿದ್ರು. ಊರಲ್ಲಿ ಉಳಿದದ್ದು ಮುದುಕರು ಮತ್ತು ಬೀಗ ಹಾಕಿದ ಮನೆಗಳು. ಆದರೆ ಮಳೆ ಇಲ್ಲದ ಭೂಮಿಗೂ ಬೆಲೆ ಬಂತು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿತು. 2,050 ಮೆಗಾವ್ಯಾಟ್ ಸಾಮರ್ಥ್ಯ. ಇಲ್ಲಿ ಸರ್ಕಾರ ರೈತರ ಭೂಮಿ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೀತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಇದರ ಅರ್ಥ ಏನು? ಉಳೋಕೆ ಕೈಲಾಗದ ಮುದುಕನಿಗೂ ಕೂತಲ್ಲೇ ಆದಾಯ, ಪಹಣಿಯಲ್ಲಿ ಅವನ ಹೆಸರು ಇರೋವರೆಗೆ! ಹೆಸರು ಬದಲಾದ್ರೆ ಹಣ ಹೋಗೋ ಬ್ಯಾಂಕ್ ಖಾತೆಯೂ ಬದಲು. ಪಹಣಿಯ ಒಂದು ಸಾಲಿಗೂ ಒಬ್ಬ ಹಿರಿಯನ ಊಟಕ್ಕೂ ಇರೋ ಸಂಬಂಧವನ್ನ ಇದಕ್ಕಿಂತ ಸ್ಪಷ್ಟವಾಗಿ ತೋರಿಸೋ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದ್ರೆ ಹಿರಿಯರು ಯಾಕೆ ಬರೆದುಕೊಡ್ತಾರೆ? ಕಾರಣಗಳು ನಮಗೆಲ್ಲ ಗೊತ್ತಿರೋವೇ. ‘ನಾನು ಹೋದ ಮೇಲೆ ಅಣ್ಣ ತಮ್ಮ ಕಿತ್ತಾಡಬಾರದು.’ ‘ಮಗನಿಗೆ ಬ್ಯಾಂಕ್ ಸಾಲ ಬೇಕಂತೆ.’ ‘ಹೆಣ್ಣುಮಕ್ಕಳು ನಾಳೆ ಪಾಲು ಕೇಳಿದ್ರೆ?’ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಇದೆ, ಖರ್ಚು ಕಡಿಮೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಫೋಟೋ, ಒಂದು ಹೆಬ್ಬೆಟ್ಟು. ಅಲ್ಲಿಗೆ ಮುಗೀತು.

ಇಲ್ಲಿ ಒಂದು ವ್ಯತ್ಯಾಸ ದಯವಿಟ್ಟು ಗಮನಿಸಿ. ವಿಲ್ ಬೇರೆ, ದಾನಪತ್ರ ಬೇರೆ. ವಿಲ್ ಜೀವ ಪಡೆಯೋದು ಬರೆದವನು ಸತ್ತ ಮೇಲೆ. ಬದುಕಿರೋವರೆಗೂ ಹತ್ತು ಸಲ ಬೇಕಾದ್ರೂ ಬದಲಾಯಿಸಬಹುದು. ದಾನಪತ್ರ ನೋಂದಣಿಯಾಗಿ, ಪಡೆದವನು ಒಪ್ಪಿಕೊಂಡ ಕ್ಷಣದಿಂದ ಮಾಲೀಕ ಬದಲು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕೊಟ್ಟವನು ಮನಸ್ಸು ಬದಲಾಯ್ತು ಅಂತ ಅದನ್ನ ಹಿಂಪಡೆಯೋ ಹಾಗಿಲ್ಲ. ಮೋಸ ಆಯ್ತು, ಒತ್ತಡ ಹಾಕಿದ್ರು ಅಂತ ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು. 75 ವರ್ಷದ ಮನುಷ್ಯ ಸಿವಿಲ್ ದಾವೆ ಹಾಕಿ, ಮೇಲ್ಮನವಿ ಎಲ್ಲ ಮುಗಿಸೋದು ಯಾವಾಗ? ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ.

ಕಾನೂನು ನಿಧಾನವಾಗಿ ಎಚ್ಚೆತ್ತುಕೊಂಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನಲ್ಲಿ ಹೆಂಡತಿ ಮಕ್ಕಳ ಜೊತೆಗೆ ತಂದೆ ತಾಯಿಯೂ ಜೀವನಾಂಶ ಕೇಳಬಹುದು ಅಂತಾಯ್ತು. 1987ರಲ್ಲಿ ಸುಪ್ರೀಂ ಕೋರ್ಟ್, ಮದುವೆಯಾದ ಮಗಳೂ ಈ ಹೊಣೆಯಿಂದ ಹೊರಗಿಲ್ಲ ಅಂತ ಹೇಳಿತು. ಆದರೆ ಅಲ್ಲಿ ಸಿಗೋದು ತಿಂಗಳ ಹಣ ಮಾತ್ರ, ಬರೆದುಕೊಟ್ಟ ಆಸ್ತಿ ಅಲ್ಲ. ಆ ಕೊರತೆ ತುಂಬೋಕೆ ಬಂದದ್ದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿ.

ಈ ಕಾಯ್ದೆಯಲ್ಲಿ ಏನಿದೆ? ಜೀವನಾಂಶದ ಅರ್ಜಿಯನ್ನ ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನ ಮಾಡಬೇಕು, ವಿಶೇಷ ಕಾರಣ ಇದ್ರೆ ಇನ್ನೊಂದು 30 ದಿನ. ಸ್ವತಃ ಬರೋಕೆ ಆಗದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಬೇರೆಯವರು ಅಥವಾ ಒಂದು ಸಂಸ್ಥೆ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನೇ ಸ್ವಂತವಾಗಿ ಪ್ರಕರಣ ಕೈಗೆತ್ತಿಕೊಳ್ಳಬಹುದು. ಹಿರಿಯರನ್ನ ಬೇಕೆಂದೇ ಎಲ್ಲೋ ಬಿಟ್ಟುಹೋದ್ರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಿಲ್ಲಾಧಿಕಾರಿ ಹಂತದಲ್ಲಿ ಮೇಲ್ಮನವಿ. ಇನ್ನು 23ನೇ ಸೆಕ್ಷನ್. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವನು ನೋಡಿಕೊಳ್ಳದೆ ಹೋದ್ರೆ, ಆ ವರ್ಗಾವಣೆ ಮೋಸದಿಂದ ಅಥವಾ ಒತ್ತಡದಿಂದ ಆದದ್ದು ಅಂತಲೇ ಭಾವಿಸಿ ನ್ಯಾಯಮಂಡಳಿ ಅದನ್ನ ಅನೂರ್ಜಿತ ಅಂತ ಘೋಷಿಸಬಹುದು. ಮಧುಗಿರಿಯ ಆ ಕುರ್ಚಿಗೆ ಸಿಕ್ಕಿರೋ ದೊಡ್ಡ ಅಧಿಕಾರ ಇದು. ಆದರೆ ಕಾಯ್ದೆ ಜಾರಿಗೆ ಬರೋ ಮೊದಲೇ ಬರೆದುಕೊಟ್ಟಿದ್ರೆ ಈ ಸೆಕ್ಷನ್ ಅನ್ವಯ ಆಗೋದಿಲ್ಲ.

‘ಷರತ್ತಿನ ಮೇಲೆ’ ಅನ್ನೋ ಮಾತನ್ನ ಇನ್ನೊಮ್ಮೆ ಓದಿ. ಇಡೀ ಕಥೆ ನಿಂತಿರೋದು ಅಲ್ಲೇ.

2022ರ ಡಿಸೆಂಬರ್ 6. ಸುದೇಶ್ ಛಿಕಾರಾ ಮತ್ತು ರಾಮ್ತಿ ದೇವಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಾಯಿ ಹೆಣ್ಣುಮಕ್ಕಳಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದರು. ನೋಡಿಕೊಳ್ಳಬೇಕು ಅನ್ನೋ ಷರತ್ತು ಅದರಲ್ಲಿರಲಿಲ್ಲ, ಅಂಥ ಷರತ್ತಿತ್ತು ಅಂತ ತಾಯಿ ಸಾಬೀತೂ ಮಾಡಲಿಲ್ಲ. ಪತ್ರ ಊರ್ಜಿತ ಅಂತಾಯ್ತು. ತಾಯಿ ಸೋತರು. ಪ್ರೀತಿಯಿಂದ ಬರೆದುಕೊಡುವಾಗ ಪ್ರತಿಫಲದ ನಿರೀಕ್ಷೆ ಇರಲೇಬೇಕು ಅಂತ ಭಾವಿಸೋಕೆ ಆಗೋದಿಲ್ಲ ಅನ್ನೋದು ನ್ಯಾಯಾಲಯದ ತರ್ಕ.

2025ರ ಜನವರಿ 2. ಮಧ್ಯಪ್ರದೇಶದ ಛತರ್‌ಪುರದ ಊರ್ಮಿಳಾ ದೀಕ್ಷಿತ್ ಪ್ರಕರಣ. ಈ ತಾಯಿ 2019ರಲ್ಲಿ ಮಗನಿಗೆ ದಾನಪತ್ರ ಮಾಡಿದ್ದರು. ‘ಕೊನೆಯವರೆಗೂ ನೋಡಿಕೊಳ್ತೀನಿ’ ಅಂತ ಮಗ ಬರೆದುಕೊಟ್ಟ ಒಂದು ವಚನಪತ್ರವನ್ನೂ ಅವರು ಹಾಜರುಪಡಿಸಿದರು. ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ತಾಯಿಗೆ ಸೋಲಾಗಿತ್ತು. ಸುಪ್ರೀಂ ಕೋರ್ಟ್ ಆ ತೀರ್ಪನ್ನ ರದ್ದು ಮಾಡಿ, ಇದು ಹಿರಿಯರ ರಕ್ಷಣೆಗೆ ಬಂದ ಕಾಯ್ದೆ, ಇದನ್ನ ಉದಾರವಾಗಿ ಅರ್ಥೈಸಬೇಕು ಅಂತ ಹೇಳಿ ದಾನಪತ್ರವನ್ನೇ ರದ್ದು ಮಾಡಿತು. ಆಸ್ತಿ ತಾಯಿಗೆ ವಾಪಸ್. ಎರಡೂ ತಾಯಂದಿರ ನೋವು ಒಂದೇ ಥರದ್ದಿರಬಹುದು. ಒಬ್ಬರ ಕೈಯಲ್ಲಿ ಒಂದು ಹಾಳೆ ಇತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ.

ಟಿವಿಯಲ್ಲಿ ಇಂಥ ಸುದ್ದಿ ಬಂದಾಗ ‘ಪಾಪಿ ಮಗ’ ಅಂತ ಹೆಡ್‌ಲೈನ್ ಹಾಕೋದು ಸುಲಭ. ಮಗನಿಗೆ ಬೈದರೆ ಅಜ್ಜಿಗೆ ಸೂರು ವಾಪಸ್ ಬರಲ್ಲ. ಹಾಳೆಯ ಮೇಲೆ ಏನು ಬರೆದಿದೆ ಅನ್ನೋದು ಮುಖ್ಯ.

‘ಅಯ್ಯೋ, ಸ್ವಂತ ಮಗನ ಹತ್ರ ಷರತ್ತಾ? ಜನ ಏನಂತಾರೆ?’ ಅನ್ನೋ ಮಾತು ಬರುತ್ತೆ, ನನಗೆ ಗೊತ್ತು. ಅದಕ್ಕೇ ಇತಿಹಾಸ ಬೇಕಾಗೋದು. ಆರೇಳು ನೂರು ವರ್ಷಗಳ ಹಿಂದೆ, ಇಂಗ್ಲೆಂಡಿನ ಹಳ್ಳಿಗಳಲ್ಲಿ ವಯಸ್ಸಾದ ರೈತರು ಜಮೀನನ್ನ ಮಗನಿಗೆ ಬಿಟ್ಟುಕೊಡುವಾಗ ಜಮೀನ್ದಾರರ ಕಚೇರಿಯ ಕಡತದಲ್ಲಿ ಷರತ್ತು ಬರೆಸ್ತಿದ್ದರು. ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಬಟ್ಟೆ, ಮನೆಯಲ್ಲಿ ಒಂದು ಕೋಣೆ. ತಪ್ಪಿದ್ರೆ ಜಮೀನು ವಾಪಸ್. ಜರ್ಮನಿ, ಆಸ್ಟ್ರಿಯಾದ ರೈತ ಕುಟುಂಬಗಳಲ್ಲಿ ಸೌದೆ, ಹಾಲಿನ ಲೆಕ್ಕವನ್ನೂ ಒಪ್ಪಂದಕ್ಕೆ ಸೇರಿಸೋ ಪದ್ಧತಿ ಬಹಳ ಕಾಲ ನಡೀತು. ಅವರೇನು ಮಕ್ಕಳನ್ನ ದ್ವೇಷಿಸ್ತಿದ್ರಾ? ಇಲ್ಲ. ಮುಂದೆ ಜಗಳ ಬಾರದಿರಲಿ ಅಂತ ಇವತ್ತೇ ಬರೆದಿಡ್ತಿದ್ದರು. ಇತ್ತ ಸಿಂಗಪುರ 1995ರಲ್ಲೇ ತಂದೆ ತಾಯಿಯ ಪೋಷಣೆಗೆ ಕಾಯ್ದೆ ಮಾಡಿತು. ಕುಟುಂಬದ ಪ್ರೀತಿಗೆ ಹೆಸರಾದ ಏಷ್ಯಾದ ಸಮಾಜಗಳೂ ಕಾಗದದ ಆಸರೆ ಬೇಕು ಅಂತ ಒಪ್ಪಿಕೊಂಡಿವೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ರೆ ಅನ್ಯಾಯ ಆಗುತ್ತೆ. ಈ ಕಾಯ್ದೆಯನ್ನ ಅಸ್ತ್ರ ಮಾಡಿಕೊಂಡು ಸೊಸೆಯನ್ನ ಮನೆಯಿಂದ ಹೊರಗೆ ಹಾಕಿಸೋ ಪ್ರಯತ್ನಗಳೂ ನಡೆದಿವೆ. ನಮ್ಮ ಬೆಂಗಳೂರಿನಿಂದಲೇ ಹೋದ ಎಸ್. ವನಿತಾ ಪ್ರಕರಣದಲ್ಲಿ, 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿತು: ಹಿರಿಯರ ಕಾಯ್ದೆಯ ಹೆಸರಲ್ಲಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಹಿಳೆಗೆ ಕೊಟ್ಟಿರೋ ವಾಸದ ಹಕ್ಕನ್ನ ಅಳಿಸಿಹಾಕುವಂತಿಲ್ಲ. ಅತ್ತೆಯ ಸುರಕ್ಷತೆ ಸೊಸೆಯ ಬೀದಿಪಾಲಿನ ಮೇಲೆ ನಿಲ್ಲಬಾರದು.

ಸರ್ಕಾರದ ಆಸರೆ ಎಷ್ಟಿದೆ? 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ತಿಂಗಳಿಗೆ 1,200 ರೂಪಾಯಿಗೆ ಬಂದು ನಿಂತಿದೆ. 2007ರ ಕಾಯ್ದೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ. ಅದನ್ನ ತೆಗೆಯೋಕೆ 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಪಾಸಾಗಲೇ ಇಲ್ಲ. ಹಾಗಾಗಿ ಹಳ್ಳಿಯ ಹಿರಿಯನಿಗೆ ನಿಜವಾದ ವಿಮೆ ಅವನ ಎರಡೆಕರೆಯೇ.

ದೂರದ ಲೆಕ್ಕವನ್ನೂ ನೋಡಿ. ಪಾವಗಡದವನು ದಾನಪತ್ರ ಬರೆದುಕೊಡೋಕೆ ಪಾವಗಡ ಪೇಟೆ ಸಾಕು. ಅದನ್ನ ರದ್ದು ಮಾಡಿಸೋಕೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಮಧುಗಿರಿಗೆ ಬರಬೇಕು. ಅದೂ ಒಂದೇ ಸಲ ಅಲ್ಲ, ಪ್ರತಿ ವಿಚಾರಣೆಗೂ. ಮೊಣಕಾಲು ನೋವಿನ ಅಜ್ಜಿಗೆ ಕಾನೂನಿಗಿಂತ ದೊಡ್ಡ ಅಡ್ಡಿ ಬಸ್ಸಿನ ಮೆಟ್ಟಿಲು. ಉಪವಿಭಾಗಾಧಿಕಾರಿಗಳು ತಿಂಗಳಿಗೊಂದು ದಿನ ಶಿರಾ, ಪಾವಗಡ, ಕೊರಟಗೆರೆಯ ತಾಲ್ಲೂಕು ಕಚೇರಿಯಲ್ಲೇ ಕೂತು ಈ ಅರ್ಜಿಗಳನ್ನ ಕೇಳಿದ್ರೆ, ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಮನಸ್ಸು ಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ 60 ದಾಟಿದವರು ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ‘ನೋಡಿಕೊಳ್ಳೋ ಷರತ್ತು ಸೇರಿಸಿದ್ದೀರಾ?’ ಅಂತ ಒಂದು ಪ್ರಶ್ನೆ ಜೋರಾಗಿ ಕೇಳಿದ್ರೆ ಎಷ್ಟೋ ಮನೆಗಳು ಉಳಿಯುತ್ತವೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದನ್ನ ಮಾಡೋಣ. ನಿಮ್ಮ ಮನೆಯ ಹಿರಿಯರಿಗೆ ಇಷ್ಟು ಹೇಳಿ. ಆಸ್ತಿ ಹಂಚೋ ಮನಸ್ಸಿದ್ರೆ ವಿಲ್ ಬರೆಯಿರಿ. ದಾನಪತ್ರವೇ ಆಗಬೇಕು ಅಂದ್ರೆ ಊಟ, ವಸತಿ, ಔಷಧ ನೋಡಿಕೊಳ್ಳಬೇಕು ಅನ್ನೋ ಷರತ್ತನ್ನ ಪತ್ರದೊಳಗೇ ಬರೆಸಿ. ಬದುಕಿರೋವರೆಗೆ ಆ ಮನೆಯಲ್ಲಿ ಇರೋ ಹಕ್ಕು, ಆ ಜಮೀನಿನ ಆದಾಯದ ಹಕ್ಕು ನಿಮ್ಮದೇ ಅಂತ ಸೇರಿಸಿ. ಬರೆಯೋ ಮುಂಚೆ ಮಗನ ಕಡೆಯವರಲ್ಲದ ಒಬ್ಬರ ಹತ್ರ ಓದಿಸಿ ಕೇಳಿ. ಯಾವ ಹಾಳೆಗೇ ಆಗಲಿ, ‘ಸುಮ್ನೆ ಒಂದು ಹೆಬ್ಬೆಟ್ಟು’ ಅಂದ್ರೆ ಒತ್ತಬೇಡಿ. ಆಗಲೇ ಕೈ ಜಾರಿದ್ರೆ 14567 ಅನ್ನೋ ಹಿರಿಯರ ಉಚಿತ ಸಹಾಯವಾಣಿಗೆ ಕರೆ ಮಾಡಿ, ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ.

ಮಗನ ಮೇಲೆ ನಂಬಿಕೆ ಇರಲಿ, ಖಂಡಿತ ಇರಲಿ. ನಿಜವಾಗಿ ನೋಡಿಕೊಳ್ಳೋ ಮಗನಿಗೆ ಆ ಒಂದು ಸಾಲಿನಿಂದ ಕಳೆದುಹೋಗೋದು ಏನೂ ಇಲ್ಲ. ಆ ಸಾಲು ಬೇಡ ಅಂತ ಹಟ ಹಿಡಿಯೋ ಮಗ ಇದ್ದಾನೆ ಅಂದ್ರೆ, ಆ ಸಾಲು ಖಂಡಿತ ಬೇಕು ಅಂತಲೇ ಅರ್ಥ.